ತಾರೀಖಿನ ಮಾಸ್ತರರು
ಧಾರವಾಡದ ನಮ್ಮ ಶಾಲೆಯ ಬಿಂದುಮಾಧವ ಮಾಸ್ತರರಿಗೆ ತಾರೀಖಿನ ಹುಚ್ಚು. ದಿನಾ ಬೆಳಿಗ್ಗೆ ರುಮಾಲು ಸರಿಮಾಡಿಕೊಂಡು, ಅಂದು ಹುಟ್ಟಿದ, ಸತ್ತ ದೊರೆಗಳ ಹೆಸರನ್ನು ಹಲಗೆಯ ಮೇಲೆ ಮುತ್ತಿನಂತೆ ಬರೆಯುವರು. ಲಂಡನ್ನಿನ ರಾಣಿಗೆ ಹಲ್ಲು ಬಂದ ದಿನವೂ ಅವರಿಗೆ ಬಾಯಿಪಾಠ. ನಾವು ಒಂದು ದಿನ ತಪ್ಪಿ ಹೇಳಿದರೆ ಬೆರಳ ಗೆಣ್ಣಿಗೆ ಏಟು. ನನ್ನನ್ನು ಸೇರಿಸಲು ಉಪ್ಪಿನಬೆಟಗೇರಿಯಿಂದ ನಡೆದು ಬಂದ ಅವ್ವ, "ಏಳು ವರ್ಷದ ಹಿಂದ ಸೀಗಿ ಹುಣ್ಣಿವಿ ಮರುದಿನ, ಹೊತ್ತು ಹೊಂಡೂ ಮುಂದ ಹುಟ್ಟ್ಯಾನ್ರಿ" ಎಂದಳು. "ಅದಕ್ಕ ತಾರೀಖು ಅನ್ನೂದಿಲ್ಲ ಯವ್ವಾ. ಜೂನ್ ಒಂದಂತ ಬರಕೋತೇನಿ" ಎಂದರು ಮಾಸ್ತರರು, ತಲೆ ಎತ್ತದೆ. ಹಳೆಯ ಪಂಚಾಂಗಗಳ ಕಟ್ಟು ಮೇಜಿನ ಮೇಲೆಯೇ ಇತ್ತು, ತೆರೆದಿದ್ದರೆ ಸಿಗುತ್ತಿತ್ತು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಹಳ್ಳಿಯಿಂದ ಬಂದ ಇಪ್ಪತ್ತಾರು ಹುಡುಗರೂ ಅವರ ದಫ್ತರದಲ್ಲಿ ಹೀಗೆ ಒಂದೇ ದಿನ ಹುಟ್ಟಿದೆವು. ಮರುವರ್ಷ ಜೂನ್ ಒಂದಕ್ಕೇ ಶಾಲೆ ತೆರೆಯಿತು. ಇಪ್ಪತ್ತಾರು ಮಂದಿಯೂ ಹಲಗೆಯನ್ನೇ ನೋಡುತ್ತ ಕುಳಿತೆವು. ಮಾಸ್ತರರು ಮುತ್ತಿನಂತೆ ಬರೆದರು: ಈ ದಿನ ವಿಶೇಷವೇನೂ ಇಲ್ಲ.