ಬಾಗಿಲ ಚೌಕಟ್ಟಿನ ಬೊಟ್ಟು

ನಮ್ಮ ಮನೆಯ ಬಾಗಿಲ ಚೌಕಟ್ಟಿನ ಎಡಮಗ್ಗುಲಿಗೆ, ಸೊಂಟದೆತ್ತರದಲ್ಲಿ, ಒಂದು ದಿನ ಹೆಸರುಕಾಳಿನಷ್ಟು ಸಣ್ಣ ಕುಂಕುಮದ ಬೊಟ್ಟು ಕಾಣಿಸಿಕೊಂಡಿತು. ನೀವಾಗಿದ್ದರೆ ಯಾರೋ ಹೆಣ್ಣುಮಕ್ಕಳು ಬೆರಳು ಒರೆಸಿದ್ದಾರೆಂದುಕೊಂಡು ಒಳಗೆ ನಡೆದುಬಿಡುತ್ತಿದ್ದಿರಿ. ನಾನು ಮಾತ್ರ ಕಳ್ಳರು ಗುರುತು ಮಾಡಿ ಹೋದರೆಂದು ಮೊದಲ ದಿನ, ಯಾರೋ ಮಾಟ ಮಾಡಿಸಿದರೆಂದು ಎರಡನೆಯ ದಿನ, ಮರಕ್ಕೆ ಬರುವ ಹೊಸದೊಂದು ರೋಗವೆಂದು ಮೂರನೆಯ ದಿನ ಚಿಂತಿಸಿದೆ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ಮಾಟದ ಮಾತಾಡಬಾರದು, ನಿಜ. ಆದರೆ ಚಿಂತೆಗೆ ಯಾವ ಶಾಸ್ತ್ರದ ಹಂಗೂ ಇಲ್ಲ ನೋಡಿ.

ಆ ವರ್ಷ ನನ್ನ ಚಿಂತೆಗಳಲ್ಲೆಲ್ಲ ಪಟ್ಟಕ್ಕೆ ಕೂತದ್ದು ಮರೆವಿನ ಚಿಂತೆ. ಒಂಬತ್ತನೆಯ ಇಯತ್ತೆಯ ಪಾಠವನ್ನು ಎಂಟನೆಯದಕ್ಕೆ ಅರ್ಧ ತಾಸು ಹೇಳಿಬಂದ ಮೇಲೆ ಹೆದರಿ, ಹುಬ್ಬಳ್ಳಿಯಲ್ಲಿ ಡಾಕ್ಟರಾಗಿದ್ದ ನನ್ನ ಹಳೆಯ ಸಹಪಾಠಿಯ ಮುಂದೆ ಹೋಗಿ ಕೂತೆ. ಅವನು ನಕ್ಕ. "ಲೇ ಮಾಸ್ತರ, ಆ ರೋಗ ಇದ್ದಾಂವ ನನಗ ಮರೆವು ಐತಿ ಅಂತ ರೈಲು ಹತ್ತಿ ಹೇಳಾಕ ಬರಂಗಿಲ್ಲೋ!" ಆಮೇಲೆ, ಕೇಳಿದ್ದಕ್ಕೆ ಪಶ್ಚಾತ್ತಾಪಪಡುವಷ್ಟು ವಿವರಿಸಿದ: ಆಲ್ಝೈಮರ್ ಎಂಬ ಆ ಕಾಯಿಲೆಯವರು ತೀರಿಕೊಂಡ ಮೇಲೆ ಮಿದುಳನ್ನು ತೆಗೆದು ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಕಲೆಗಳು, ಸಿಕ್ಕುಬಿದ್ದ ಎಳೆಗಳು ಇರುತ್ತವಂತೆ; ಮರೆವು ಹೊರಗೆ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಅವು ಸದ್ದಿಲ್ಲದೆ ಶುರುವಾಗಿರಬಹುದಂತೆ; ಬದುಕಿರುವ ತಲೆಯೊಳಗೆ ಅವನ್ನು ನೋಡುವ ಉಪಾಯ ಮಾತ್ರ ಆ ಕಾಲಕ್ಕೆ ಇನ್ನೂ ಬಂದಿರಲಿಲ್ಲ. ಅಣ್ಣಿಗೇರಿ ಬರುವ ತನಕ ರೈಲಿನಲ್ಲಿ ನಾನು ನನ್ನ ತಲೆಯನ್ನು ಕಲ್ಲಂಗಡಿಯ ಹಾಗೆ ಬಡಿದು ಬಡಿದು ಪರೀಕ್ಷಿಸುತ್ತ ಬಂದೆ.

ಈಗ ನನ್ನ ಅಕ್ಕನ ವಿಷಯ. ಪಾರ್ವತಕ್ಕನನ್ನು ಕೊಟ್ಟದ್ದು ನಮ್ಮ ಓಣಿಗೇ, ನಾಲ್ಕು ಮನೆ ಆಚೆ. ಯಾರ ಮನೆಯಲ್ಲಿ ಏನೇ ಕಾರ್ಯವಿರಲಿ, ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಕರೆದು ಬರುವವಳು ಅವಳೇ. ನಮ್ಮ ಕಡೆ ಕರೆಯುವುದೆಂದರೆ ಹಗುರದ ಕೆಲಸವಲ್ಲ. ಒಂದು ಮನೆ ಬಿಟ್ಟುಹೋದರೆ ಮೂರು ವರ್ಷದ ಮುನಿಸು. ಮೂವತ್ತು ವರ್ಷ ಅಕ್ಕ ಒಂದು ಮನೆಯನ್ನೂ ಬಿಟ್ಟವಳಲ್ಲ. ಓಣಿಯಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಬಟ್ಟಲಿನಲ್ಲಿತ್ತು.

ನನ್ನ ಮಗಳ ಕುಬಸಕ್ಕೆ, ಅಂದರೆ ಬಸುರಿಗೆ ಉಡಿ ತುಂಬುವ ಕಾರ್ಯಕ್ಕೆ, ಎರಡು ದಿನವಿರುವಾಗ ಕರೆಯಲು ಹೋದ ಅಕ್ಕ ಅರ್ಧ ತಾಸಿನಲ್ಲೇ ತಿರುಗಿ ಬಂದು, "ಎಲ್ಲಾರನೂ ಕರದಾತು" ಎಂದಳು. ಸಂಜೆಗೆ ಎದುರುಮನೆಯ ಗಂಗವ್ವ ಕಟ್ಟೆಗೆ ಬಂದು ನಿಂತಳು.

"ಮಾಸ್ತರ, ನಮ್ಮನ್ಯಾಕ ಕರೀಲಿಲ್ರಿ? ನಾವೇನ್ ಊಟಾ ಕಾಣದವರಲ್ಲ. ಕರಿಯೂ ರೀತಿ ಅಂತ ಒಂದ ಐತಿಲ್ಲೋ?"

ನಾನು ಅವಳ ಮನೆಯತ್ತ ನೋಡಿದರೆ, ಅಲ್ಲೂ ಚೌಕಟ್ಟಿಗೆ ಬೊಟ್ಟು! "ಅದನ್ನ ಯಾರಿಟ್ರು?" ಎಂದೆ.

"ನಾನ ಇಟ್ಟೀನ್ರಿ. ನಿಮ್ಮ ಅಕ್ಕಾರು ಕರದ ಮನಿಗೆಲ್ಲಾ ಇಟ್ಟು ಹೋಗ್ತಾರಲ್ಲ? ತಿಳದಾಕಿ ಮಾಡೂದು, ಏನರ ಛಲೋದ ಇರಬೇಕು ಅಂತ ನಾವೂ ಒಂದೀಟು ಮಂದಿ ದಿನಾ ಇಡಾಕ್ಹತ್ತೇವಿ."

ಓಣಿಯುದ್ದಕ್ಕೂ ನಡೆದು ನೋಡಿದೆ. ಅರ್ಧಕ್ಕರ್ಧ ಬಾಗಿಲುಗಳಿಗೆ ಬೊಟ್ಟು. ಕೊನೆಯ ಮನೆ ಫಾತಿಮಾಬಿಯದು. ಅಲ್ಲಿ ಮಾತ್ರ ಬೊಟ್ಟು ಬೆಳ್ಳಗಿತ್ತು, ಅಕ್ಕನ ಎಲೆ-ಅಡಿಕೆ ಚೀಲದ ಸುಣ್ಣದ್ದು.

"ಹೋದ ವರ್ಷ ಗೊತ್ತಿಲ್ಲದ ಒಮ್ಮೆ ಒರಸಿಬಿಟ್ಟಿದ್ದೆರಿ ಸರ," ಎಂದಳು ಫಾತಿಮಾಬಿ, ದನಿ ತಗ್ಗಿಸಿ. "ಅವತ್ತ ಒಂದ ಕಾರ್ಯಕ್ಕ ಮೂರು ಸಲ ಬಂದು ಕರದು ಹ್ವಾದ್ರು. ಈಗ ಕಾರ್ಯ ಮುಗಿಯೂ ತನಕ ಕೈ ಹಚ್ಚಂಗಿಲ್ಲ. ಮುಗದ ಮ್ಯಾಲ ನಾನ ಒರಸಿಡತೀನಿ."

"ನಮಗ ಹೇಳಬೇಕಿಲ್ಲ?"

"ಅದೇನ್ ಹೇಳೂ ಮಾತೇನ್ರಿ? ಮೂರು ಸಲಾನೂ 'ಬರ್ತೀನ್ರಿ ಅಕ್ಕಾರ' ಅಂದೆ."

ಅಕ್ಕ ನಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಮುಖ ನೋಡಿ ಮೊರ ಕೆಳಗಿಟ್ಟಳು.

"ಗೊತ್ತಾತಿಲ್ಲ? ಎರಡು ವರ್ಷಾತೋ ತಮ್ಮಾ. ಒಂದಿನ ಗಂಗವ್ವನ ಮನಿ ಮುಂದ ನಿಂತೆ, ಕರದೀನೋ ಇಲ್ಲೋ ತಿಳೀಲಿಲ್ಲ. ಮರುದಿನದಿಂದ ಬೊಟ್ಟಿಡಾಕ ಸುರು ಮಾಡಿದೆ. ಬೊಟ್ಟಿದ್ರ ಕರದ ಮನಿ, ಇಲ್ಲಂದ್ರ ಉಳದದ್ದು."

"ನನಗ ಹೇಳಬಾರದೇನಬೇ?"

"ನಿನಗ ಹೇಳಿದ್ರ ನನ್ನಕಿಂತ ಮದಲ ನೀ ಹಾಸಿಗಿ ಹಿಡೀತಿದ್ದಿ."

ನಗು ಬಂತು, ಮತ್ತೆ ಇನ್ನೇನೋ ಬಂತು. ದೊಡ್ಡ ದೊಡ್ಡ ಡಾಕ್ಟರುಗಳ ಕಣ್ಣಿಗೆ ಬೀಳದ್ದನ್ನು ಅಕ್ಕ ಎಲ್ಲರಿಗಿಂತ ಮೊದಲು ತಾನೇ ಕಂಡುಹಿಡಿದು, ಎರಡು ವರ್ಷ ಒಬ್ಬಳೇ ಅದರೊಡನೆ ಸಂಸಾರ ಮಾಡಿದ್ದಳು. ರೈಲು ಹತ್ತಿ ಹೇಳಲು ಹೋದವನು ತಲೆ ನೆಟ್ಟಗಿದ್ದ ನಾನು.

"ಹುಬ್ಬಳ್ಳಿಗೆ ಬರ್ತೀನಿ, ಕಾರ್ಯ ಒಂದ ಮುಗೀಲಿ," ಎಂದಳು ಅಕ್ಕ. "ನಿನ್ನ ಡಾಕ್ಟರ ಏನ್ ಬೇಕಾದ್ದು ನೋಡ್ಲಿ. ಆದ್ರ ಕರಿಯೂದು ಮಾತ್ರ ನನ್ನ ಕೈಯಾಗಿಂದ ಕಸಗೋಬ್ಯಾಡ್ರೋ."

ಮರುದಿನ ಮುಂಜಾನೆ ಇಬ್ಬರೂ ಹೊರಟೆವು. ಬಟ್ಟಲು ಅವಳ ಕೈಯಲ್ಲೇ. ಗಂಗವ್ವನ ಹಣೆಗೆ ಕುಂಕುಮವಿಟ್ಟು, "ನಾಳಿ ಮನಿ ಮಂದೆಲ್ಲಾ ಬರ್ರಿ. ನಿನ್ನಿ ತಪ್ಪು ನಂದು, ಸಿಟ್ಟಿಡಬ್ಯಾಡ" ಎಂದು ಸೊಗಸಾಗಿ ಕರೆದಳು. ಗಂಗವ್ವನ ಮುನಿಸು ಕರಗಲು ಅಷ್ಟು ಸಾಕಾಯಿತು. ಹೊರಡುವಾಗ ರೂಢಿಯಂತೆ ಅಕ್ಕನ ಬೆರಳು ಚೌಕಟ್ಟಿಗೆ ಹೋಯಿತು. ಅಲ್ಲಿ ಆಗಲೇ ಗಂಗವ್ವನ ಬೊಟ್ಟು. ಬೆರಳು ಗಾಳಿಯಲ್ಲೇ ನಿಂತಿತು.

ನಾನು ಅಂಗಿಯ ತೋಳು ಮಡಚಿ ಕೈ ಚಾಚಿದೆ.

"ಹುಚ್ಚಪ್ಪ," ಎನ್ನುತ್ತ ಅಕ್ಕ ಬೆರಳನ್ನು ನನ್ನ ಮುಂಗೈಗೆ ಒತ್ತಿದಳು. ಆ ಮನೆಗೊಂದು, ಈ ಮನೆಗೊಂದು. ಮೊಣಕೈಯತ್ತ ಬೊಟ್ಟುಗಳು ಸಾಲಾಗಿ ಏರತೊಡಗಿದವು. ಬಿಸಿಲು ಚುರುಕಾಯಿತು. ಬೆವರಿಗೆ ಒಂದಾದರೂ ಅಳಿಸಿಹೋದರೆ ಗತಿಯೇನೆಂದು ಚಿಂತೆ ಹತ್ತಿ, ಕೈಯನ್ನು ಮೈಗೆ ತಗಲದಂತೆ ದೂರ ಹಿಡಿದು ನಡೆದೆ.

"ಕೈ ಕೆಳಗ ಬಿಡೋ, ಮುರಕೊಂಡೀ ಅಂತ ತಿಳಕೋತಾರ ಮಂದಿ," ಎಂದು ಅಕ್ಕ ಬೈದಳು.

ಬಿಡಲಿಲ್ಲ. ಇನ್ನೂ ಐದು ಮನೆ ಉಳಿದಿದ್ದವು.