ದೊಡ್ಡಮ್ಮ ಹೂಂಗುಟ್ಟಿದ ಕಥೆ

ನಮ್ಮ ವಿಶ್ವವಿದ್ಯಾಲಯದಲ್ಲಿ ಕುಲಪತಿಗಳ ಹೆಸರು ಗೊತ್ತಿಲ್ಲದ ಮಕ್ಕಳು ಬೇಕಾದಷ್ಟಿದ್ದರು, ದೊಡ್ಡಮ್ಮನ ಕೋಣೆ ಗೊತ್ತಿಲ್ಲದವರು ಮಾತ್ರ ಇರಲಿಲ್ಲ. ಗ್ರಂಥಾಲಯದ ಕೆಳಮಹಡಿಯಲ್ಲಿ, ಮೆಟ್ಟಿಲ ಪಕ್ಕ, ‘ಆದಿವಾಸಿ ವಿದ್ಯಾರ್ಥಿಗಳ ನೆರವು ಕೇಂದ್ರ’ ಎಂಬ ಬೋರ್ಡು. ಕೇಂದ್ರವೆಂದರೆ ಏನೋ ಎಂತೋ ಅಂದುಕೊಳ್ಳಬೇಡಿ. ಒಂದು ಮೇಜು, ಒಂದಕ್ಕೊಂದು ಹೊಂದದ ಐದು ಕುರ್ಚಿ, ಒಂದು ಕಬ್ಬಿಣದ ಬೀರು. ಬೀರುವಿನೊಳಗೆ ಅರ್ಜಿ ನಮೂನೆಗಳು, ಸೂಜಿದಾರ, ಸಂದರ್ಶನಕ್ಕೆ ಹೋಗುವವರಿಗೆಂದು ಇಸ್ತ್ರಿ ಮಾಡಿಟ್ಟ ಎರಡು ಬಿಳಿ ಅಂಗಿ.

ಹುದ್ದೆಯಲ್ಲಿ ಅವರು ಬರೀ ಸಹಾಯಕಿ. ಆದರೆ ಕಾಡಿನ ಅಂಚಿನಿಂದ, ಗುಡ್ಡದ ಮೇಲಿನಿಂದ ಒಂದು ಚೀಲ ಹೊತ್ತು ಬಂದು, ಹಾಸ್ಟೆಲ್ ಬಾಗಿಲಲ್ಲಿ ಕಣ್ಣು ಕಣ್ಣು ಬಿಡುತ್ತಿದ್ದ ಮಕ್ಕಳನ್ನು ಮೊದಲು ಕೈಹಿಡಿದು ಕೂರಿಸುತ್ತಿದ್ದವರು ಅವರೇ. ಮೊದಲ ವಾರದಲ್ಲೇ ಗಂಟುಮೂಟೆ ಕಟ್ಟಿದವರನ್ನು ಅವರು ತಡೆಯುತ್ತಿರಲಿಲ್ಲ. ಬಸ್ಸು ಸಂಜೆಗಲ್ವಾ, ಅಲ್ಲಿವರೆಗೆ ನಿಮ್ಮನೆ ವಿಷಯ ಹೇಳು ಎಂದು ಎದುರಿಗೆ ಕೂತು ಹೂಂಗುಟ್ಟುತ್ತಿದ್ದರು. ಹೇಳುತ್ತ ಹೇಳುತ್ತ ಬಸ್ಸು ಹೋಗಿಬಿಡುತ್ತಿತ್ತು. ಹಾಗೆ ಬಸ್ಸು ತಪ್ಪಿಸಿಕೊಂಡವರಲ್ಲಿ ಇಬ್ಬರು ಈಗ ಡಾಕ್ಟರು.

ನಾನು ಅವರ ತಲೆಯ ಮೇಲೆಯೇ ಕೂರುತ್ತಿದ್ದವನು. ಎರಡನೇ ಮಹಡಿಯ ಧ್ವನಿ ಸಂಗ್ರಹ ನನ್ನ ಸುಪರ್ದಿಯಲ್ಲಿತ್ತು. ಹಿಂದೆ ಸಂಶೋಧಕರು ಊರೂರು ಅಲೆದು ತುಂಬಿಸಿಕೊಂಡು ಬಂದ ಸಾವಿರದಷ್ಟು ಟೇಪುಗಳು. ನಾನು ಶಿಸ್ತಿನ ಮನುಷ್ಯ. ಬೆನ್ನ ಹಿಂದೆ ಜನ ಬೇರೆ ಪದ ಬಳಸುತ್ತಿದ್ದರು, ಅದು ಬಿಡಿ.

ನೂರಾ ಹದಿನೆಂಟನೇ ಟೇಪಿನಲ್ಲಿ ದೊಡ್ಡಮ್ಮನ ತಾಯಿ ಇದ್ದಳು. ಕಾರ್ಡಿನಲ್ಲಿ ಅವಳ ಹೆಸರಿರಲಿಲ್ಲ. ‘ಹೆಂಗಸು, ಕಥೆ’ ಎಂದಷ್ಟೇ ಇತ್ತು. ಆದರೆ ಕಾಡಿನೊಳಗಿನ ಅವರ ಹಾಡಿಯ ಹೆಸರಿತ್ತು, ತಾರೀಖಿತ್ತು. ಅಂದು ಟೇಪಿನ ಯಂತ್ರ ಹೊತ್ತು ಬಂದಿದ್ದ ಸಂಶೋಧಕ ಮೇಷ್ಟ್ರು ದೊಡ್ಡಮ್ಮನಿಗೆ ಚೆನ್ನಾಗಿ ನೆನಪಿದ್ದರು. ಆಗ ಇವರಿಗೆ ಏಳು ವರ್ಷ. ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಕಥೆ ಹೇಳಿದ್ದಳು. ಮಾರನೆಯ ಬೆಳಿಗ್ಗೆ ಜೀಪು ಬಂದು ಹಾಡಿಯ ಮಕ್ಕಳನ್ನೆಲ್ಲ ವಸತಿಶಾಲೆಗೆ ಒಯ್ದಿತು. ರಜೆಗೆ ಮನೆಗೆ ಬರುವಷ್ಟರಲ್ಲಿ ಅಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ಒಂದು ಫೋಟೋ ಇಲ್ಲ, ಒಂದು ಸೀರೆಯ ತುಂಡೂ ಇಲ್ಲ. ಉಳಿದದ್ದೆಂದರೆ ನನ್ನ ಕಪಾಟಿನ ಆ ಟೇಪು.

ಕಥೆಯೂ ಅವರಿಗೆ ಅರ್ಧವೇ ನೆನಪಿತ್ತು. ತಾಯಿಯಿಂದ ತಪ್ಪಿಸಿಕೊಂಡ ಹುಡುಗಿಯೊಬ್ಬಳು ಏಳು ಗುಡ್ಡ ದಾಟಿ ಮನೆ ಹುಡುಕುತ್ತಾಳೆ. ಐದನೇ ಗುಡ್ಡದವರೆಗೆ ಗೊತ್ತು. ಅವಳು ಮನೆ ಸೇರಿದಳೋ ಇಲ್ಲವೋ ಎಂಬುದನ್ನು ಟೇಪಿನಲ್ಲಾದರೂ ಕೇಳಬೇಕು, ಅಮ್ಮನ ಬಾಯಿಂದಲೇ ಕೇಳಬೇಕು ಎಂಬುದೊಂದೇ ಅವರ ಆಸೆ.

ನಿಯಮದ ಪ್ರಕಾರ ಟೇಪು ಕೇಳಿಸಲು ಸಮುದಾಯದ ಮುಖ್ಯಸ್ಥರ ಪತ್ರ ಬೇಕು, ಮೊಹರು ಬೇಕು. ಅವರ ಹಾಡಿ ಅಣೆಕಟ್ಟಿನ ನೀರಿನಡಿ ಹೋಗಿ, ಜನ ದಿಕ್ಕಾಪಾಲಾಗಿ ಎಷ್ಟೋ ಕಾಲವಾಗಿತ್ತು. ಮೊಹರು ಎಲ್ಲಿಂದ ತರುತ್ತಾರೆ? ವರ್ಷಕ್ಕೊಮ್ಮೆ, ಬೇಸಿಗೆ ರಜೆ ಮುಗಿದ ಮೊದಲ ದಿನ, ಮೇಲೆ ಬಂದು ಕೇಳುತ್ತಿದ್ದರು. ನಾನು ವರ್ಷಕ್ಕೊಮ್ಮೆ ನಿಯಮ ಹೇಳುತ್ತಿದ್ದೆ. ಸರಿ ಸರ್ ಎಂದು ಇಳಿದು ಹೋಗುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಒಂದು ಸಲವಾದರೂ ಜಗಳವಾಡಿದ್ದರೆ ನನಗೆ ಇವತ್ತು ಇಷ್ಟು ಸಂಕಟವಾಗುತ್ತಿರಲಿಲ್ಲ.

ಜಗಳವಾಡಿದವಳು ಬೇರೆ. ದೊಡ್ಡಮ್ಮನ ಕಡೆಯವಳೇ ಆದ, ಅವರದೇ ಭಾಷೆಯ ಒಬ್ಬ ಎಂ.ಎ. ಹುಡುಗಿ. ಮಾತಿಗೆ ಮಾತು ಕೊಡುತ್ತಾಳೆಂದು ಎಲ್ಲರೂ ಅವಳನ್ನು ಲಾಯರು ಎನ್ನುತ್ತಿದ್ದರು. ದೊಡ್ಡಮ್ಮ ಆ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆಂದು ತಿಳಿದದ್ದೇ ತಡ, ಮನವಿಗೆ ಎಪ್ಪತ್ತು ವಿದ್ಯಾರ್ಥಿಗಳ ಸಹಿ ಹಾಕಿಸಿ ಧ್ವನಿ ಸಂಗ್ರಹದ ಸಮಿತಿಯ ಮುಂದೆ ನಿಂತಳು. ಟೇಪು ತುಂಬಿಸುವಾಗ ಯಾರ ಮೊಹರನ್ನೂ ಕೇಳದವರು, ಕೇಳಿಸುವಾಗ ಮಾತ್ರ ಯಾಕೆ ಕೇಳುತ್ತೀರಿ ಎಂದಳಂತೆ. ಸಮಿತಿಯವರು ನಿಯಮವನ್ನೇ ತೆಗೆದುಹಾಕಿದರು.

ಇನ್ನು ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಇಷ್ಟು ವರ್ಷ ಸತಾಯಿಸಿದ್ದಕ್ಕೆ ಮನಸ್ಸು ಚುಚ್ಚುತ್ತಿತ್ತು. ಪ್ರಾಯಶ್ಚಿತ್ತವೆಂಬಂತೆ ಎರಡು ದಿನ ಕೂತು ಆ ಟೇಪನ್ನು ಕಂಪ್ಯೂಟರಿಗೆ ಹಾಕಿ, ತೊಳೆದ ಪಾತ್ರೆಯಂತೆ ಶುಚಿಮಾಡಿದೆ. ಗಾಳಿಯ ಸದ್ದು, ನಾಯಿಯ ಬೊಗಳು, ನಡುನಡುವೆ ಅಡ್ಡ ಬರುತ್ತಿದ್ದ ಯಾವುದೋ ಮಗುವಿನ ಗೊಣಗು, ಎಲ್ಲ ತೆಗೆದೆ. ಭಾಷೆ ನನಗೆ ಬಾರದು. ಆದರೂ ಕೊನೆಗೆ ಆ ತಾಯಿಯ ದನಿಯೊಂದೇ ಉಳಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ದೊಡ್ಡಮ್ಮ ಇಸ್ತ್ರಿ ಸೀರೆ ಉಟ್ಟು ಬಂದರು. ಜೊತೆಗೆ ಲಾಯರು. ಹೆಡ್‌ಫೋನ್ ಹಾಕಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಮೊದಲ ಮಾತಿಗೇ ಕಣ್ಣು ತುಂಬಿತು. ಐದು ನಿಮಿಷವಾಗುವಷ್ಟರಲ್ಲಿ ಮುಖ ಬಾಡತೊಡಗಿತು. ಹೆಡ್‌ಫೋನ್ ತೆಗೆದು ನನ್ನತ್ತ ನೋಡಿದರು.

“ಸರ್, ಅಮ್ಮ ಪ್ರತಿ ಮಾತಿಗೂ ನಿಲ್ತಿದ್ದಾಳೆ. ಕಾಯ್ತಿದ್ದಾಳೆ. ಯಾರೂ ಏನೂ ಅಂತಿಲ್ಲ.”

ನಾನು ತೆಗೆದುಹಾಕಿದ ಗೊಣಗಿನ ವಿಷಯ ಬಾಯಿಬಿಟ್ಟೆ. ಲಾಯರಿನ ಕಣ್ಣು ಕೆಂಪಾಯಿತು.

“ಅದು ಗೊಣಗಲ್ಲ ಸರ್, ಹೂಂಗುಟ್ಟಿದ್ದು. ನಮ್ಮಲ್ಲಿ ಕೇಳೋರು ಹೂಂ ಅನ್ನದೆ ಇದ್ರೆ ಕಥೆ ಮುಂದಕ್ಕೇ ಹೋಗಲ್ಲ. ನೀವು ದೊಡ್ಡಮ್ಮನ್ನೇ ಅಳಿಸಿಬಿಟ್ರಿ.”

ಪುಣ್ಯಕ್ಕೆ ನಾನು ಮುಟ್ಟಿದ್ದು ನಕಲನ್ನು ಮಾತ್ರ. ಕಪಾಟಿನಿಂದ ಮೂಲ ಟೇಪು ತೆಗೆದು, ಹಳೆಯ ಯಂತ್ರಕ್ಕೆ ಸುತ್ತಿ, ಸ್ಪೀಕರನ್ನೇ ಹಾಕಿದೆ. ನಾಯಿ ಬೊಗಳಿತು, ಗಾಳಿ ಬೀಸಿತು. ತಾಯಿ ಒಂದು ಮಾತು ಹೇಳಿದಳು, ಎಳೆಯ ದನಿಯೊಂದು ‘ಹೂಂ’ ಎಂದಿತು. ದೊಡ್ಡಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಲಾಯರು ನನ್ನ ಪಕ್ಕ ಕೂತು ಮೆಲ್ಲಗೆ ಅರ್ಥ ಹೇಳುತ್ತಿದ್ದಳು: ಮೂರನೇ ಗುಡ್ಡ, ನಾಲ್ಕನೇ ಗುಡ್ಡ. ಐದನೇ ಗುಡ್ಡದ ಹತ್ತಿರ ‘ಹೂಂ’ ಸಡಿಲವಾಯಿತು. ತಾಯಿ ಎರಡು ಮಾತು ಹೇಳಿದರೆ ಒಂದು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ತಾಯಿಯ ದನಿ ತಗ್ಗಿತು. ಏನೋ ಕೇಳಿದಳು.

“ನಿದ್ದೆ ಬಂತಾ ಮಗಳೇ ಅಂತ ಕೇಳ್ತಿದ್ದಾರೆ,” ಎಂದಳು ಲಾಯರು. “ಉಳಿದದ್ದು ನಾಳೆ ಹೇಳ್ತೀನಿ ಮಲಕ್ಕೋ, ಅಂತಿದ್ದಾರೆ.”

ಆಮೇಲೆ ಮಾತಿಲ್ಲ. ಟೇಪು ಬರಿದೇ ಸುತ್ತುತ್ತಿತ್ತು. ಮೇಷ್ಟ್ರು ಯಂತ್ರ ನಿಲ್ಲಿಸುವುದನ್ನು ಮರೆತಿದ್ದರೋ ಏನೋ. ಗಾಳಿಯ ಸದ್ದು, ದೂರದಲ್ಲಿ ನಾಯಿ, ಹತ್ತಿರದಲ್ಲಿ ಒಂದು ಮಗುವಿನ ಉಸಿರು. ಕಥೆ ಅಲ್ಲಿಗೇ ನಿಂತಿತ್ತು. ಆ ‘ನಾಳೆ’ಯ ಬೆಳಿಗ್ಗೆಯೇ ಜೀಪು ಬಂದದ್ದು.

ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ದೊಡ್ಡಮ್ಮ ಬೇಡವೆಂದು ಕೈ ಅಡ್ಡ ಹಿಡಿದರು. ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಾನು ಲಾಯರಿನ ಮುಖ ನೋಡಿದೆ. ಅವಳು ನನ್ನ ಕಡೆ ಬಾಗಿ ಅರ್ಥ ಹೇಳಿದಳು.

“ಇಲ್ಲಮ್ಮ, ಎಚ್ಚರ ಇದ್ದೀನಿ, ಹೇಳು. ಹಾಗಂದ್ರು.”

ಟೇಪು ಇನ್ನೂ ಹನ್ನೊಂದು ನಿಮಿಷವಿತ್ತು. ಅದು ಮುಗಿಯುವವರೆಗೂ ದೊಡ್ಡಮ್ಮ ಹೂಂಗುಟ್ಟುತ್ತಲೇ ಇದ್ದರು.