ಅಕ್ಕೋರ ಹಾಡು, ತಡವರಿಸಿದ ಡಿಸ್ಕ್

ಕೋವಿಡ್ ಕಳೆದ ಮರುವರ್ಷ. ರೋಣದಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಆಗಲೇ ಹಳೆಯದಾಗಿತ್ತು. ನರಗುಂದದಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ನಡೆಸುವ ಸಂಗೀತ ಸಂಯೋಜಕ ಈರಣ್ಣ ಒಂದು ಬೆಳಿಗ್ಗೆ ಫೋನ್ ಮಾಡಿ, ಹಾಡಿನ ನಡುವೆ ಕಂಪ್ಯೂಟರ್ ತಡವರಿಸುತ್ತಿದೆ, ಈಗಲೇ ಬನ್ನಿ ಎಂದ. ನಾಳೆ ಬರುತ್ತೇನೆ ಎಂದಾಗ, ನಾಳೆ ಏಕೆ ಆಗುವುದಿಲ್ಲವೆಂದು ವಿವರಿಸಿದ.

ಹಾಡುತ್ತಿದ್ದವರು ಚಿಕ್ಕನರಗುಂದದ ಶಾರದಾ ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ನಿವೃತ್ತರಾಗುವವರೆಗೂ ಮಗ್ಗಿಗೆ, ಋತುಗಳಿಗೆ, ಹಕ್ಕಿಗಳಿಗೆ ತಾವೇ ಹಾಡು ಕಟ್ಟಿ ಮಕ್ಕಳಿಗೆ ಕಲಿಸಿದವರು. ಈರಣ್ಣನೂ ಅವರ ಕೈಯಲ್ಲೇ ಕಲಿತವನು. ಅವರ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಬೆಳೆದಿತ್ತು. ಮರುದಿನವೇ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಬೇಕಿತ್ತು. ಗಡ್ಡೆ ದನಿಯ ನರಕ್ಕೆ ತಾಗಿಕೊಂಡಿದ್ದರಿಂದ, ಆಪರೇಷನ್ ನಂತರ ಇದೇ ದನಿ ಉಳಿಯುತ್ತದೆಂದು ವೈದ್ಯರು ಮಾತು ಕೊಟ್ಟಿರಲಿಲ್ಲ.

ನಾನು ಹೋದಾಗ ಅಕ್ಕೋರು ಬಿಸಿನೀರು ಗುಟುಕರಿಸುತ್ತಿದ್ದರು. "ನಾ ಹಾಡಾಕತ್ತಾಗ ಕೊಳಲು ನಿಂತಬಿಡ್ತದಪಾ. ಮತ್ತ ಮೊದಲಿಂದ ಎತ್ತೂದ್ರಾಗ ಗಂಟಲಾ ಸೋಲ್ತದ," ಎಂದರು.

ಈರಣ್ಣನ ಸ್ಟುಡಿಯೋದಲ್ಲಿ ಕೊಳಲು, ವೀಣೆ ನುಡಿಸುವವರಿಲ್ಲ. ಆ ವಾದ್ಯಗಳ ಒಂದೊಂದು ಸ್ವರವನ್ನೂ ಮೊದಲೇ ಧ್ವನಿಮುದ್ರಿಸಿದ ಸಾವಿರಾರು ಸಣ್ಣ ಫೈಲುಗಳು ಕಂಪ್ಯೂಟರಿನಲ್ಲಿರುತ್ತವೆ. ಇವುಗಳಿಗೆ ಸ್ಯಾಂಪಲ್ ಎನ್ನುತ್ತಾರೆ. ಆತನದು ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್. ಹಲವು ವಾದ್ಯಗಳ ಫೈಲುಗಳನ್ನು ಒಮ್ಮೆಲೇ ಕೇಳಿದರೆ ಅದು ಹೊತ್ತಿಗೆ ಸರಿಯಾಗಿ ಓದಿ ಕೊಡಲಾರದು, ಸದ್ದು ಒಡೆಯುತ್ತದೆ. ತಟ್ಟೆಯಿಲ್ಲದೆ ವೇಗವಾಗಿ ಓದುವ, ಇವೆಲ್ಲ ಹಿಡಿಸುವಷ್ಟು ದೊಡ್ಡ ಎಸ್‌ಎಸ್‌ಡಿ ಬೇಕೆಂದರೆ ಹುಬ್ಬಳ್ಳಿಯಿಂದ ತರಬೇಕು, ಫೈಲುಗಳನ್ನೆಲ್ಲ ಅದಕ್ಕೆ ಸಾಗಿಸುವಷ್ಟರಲ್ಲಿ ದಿನವೇ ಮುಗಿಯುತ್ತದೆ.

ಹಾಗಾಗಿ ನನ್ನ ಅಂಗಡಿಯ ಕಂಪ್ಯೂಟರಿನಿಂದ ಬಿಚ್ಚಿ ತಂದಿದ್ದ ರ‍್ಯಾಮ್ ಅನ್ನು, ಅಂದರೆ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ವೇಗದ ಚಿಪ್ಪುಗಳನ್ನು, ಈರಣ್ಣನ ಕಂಪ್ಯೂಟರಿಗೆ ಕೂಡಿಸಿ, ಕ್ಯಾಶಿಂಗ್ ಸಾಫ್ಟ್‌ವೇರ್ ಹಾಕಿದೆ. ಡಿಸ್ಕಿನಿಂದ ಒಮ್ಮೆ ಓದಿದ್ದನ್ನು ರ‍್ಯಾಮಿನಲ್ಲಿ ಹಿಡಿದಿಟ್ಟುಕೊಂಡು, ಮತ್ತೆ ಕೇಳಿದಾಗ ಅಲ್ಲಿಂದಲೇ ಕೊಡುವುದು ಅದರ ಕೆಲಸ. ಹಾಡು ಹಚ್ಚಿದೆವು. ಕೊಳಲು ಮತ್ತೆ ತಡವರಿಸಿತು. ಅಕ್ಕೋರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೊದಲ ಸಲ ಡಿಸ್ಕಿನಿಂದಲೇ ಓದಬೇಕಾದ್ದರಿಂದ ಹೀಗಾಗುತ್ತದೆಂದು ಹೇಳಿ, ಹಾಡದೆ ಬರೀ ಸಂಗೀತವನ್ನು ಕೊನೆಯತನಕ ನುಡಿಸಿದೆ. ಎರಡನೆಯ ಸಲ ಎಲ್ಲೂ ತಡೆಯಲಿಲ್ಲ. ಅಕ್ಕೋರು ಮೈಕ್ ಮುಂದೆ ಹೋಗಿ ನಿಂತರು.

ಆಗ ಈರಣ್ಣನಿಗೆ ಇನ್ನೊಂದು ಸೆಟ್ಟಿಂಗ್ ಕಾಣಿಸಿತು. ಬರೆಯುವುದನ್ನೂ ಮೊದಲು ರ‍್ಯಾಮಿನಲ್ಲಿಟ್ಟುಕೊಂಡು, ಆಮೇಲೆ ಬಿಡುವಾದಾಗ ಡಿಸ್ಕಿಗೆ ಇಳಿಸುವ ಸೌಲಭ್ಯ ಅದು. "ಇದನ್ನೂ ಹಾಕ್ರಿ ಅಣ್ಣಾರ, ಇನ್ನೂ ಲಗೂ ಆಗ್ತದ," ಎಂದ.

"ಬ್ಯಾಡ. ಕೊಳಲು ಡಿಸ್ಕಿನ್ಯಾಗ ಐತಿ, ಮತ್ತ ಓದಿಕೋಬಹುದು. ಅಕ್ಕೋರ ದನಿ ಎಲ್ಲೈತಿ? ಕರೆಂಟ್ ಹೋದ್ರ ಹೋತು," ಎಂದೆ.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಹಾಡಿಗೆ ಬಂದಿದ್ದೆವು. ಹಕ್ಕಿಗಳ ಹಾಡು. ನಡುವೆ ಕರೆಂಟ್ ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಕರೆಂಟ್ ಬಂದು ಕಂಪ್ಯೂಟರ್ ಎದ್ದಿತು. ಫೈಲ್ ತೆರೆದೆ. ದನಿ ನೇರವಾಗಿ ಡಿಸ್ಕಿಗೇ ಇಳಿಯುತ್ತಿದ್ದುದರಿಂದ, ಕೊನೆಯ ಒಂದು ಪದದ ಹೊರತು ಹಾಡಿದ್ದೆಲ್ಲ ಇತ್ತು.

ರ‍್ಯಾಮ್ ಖಾಲಿಯಾಗಿದ್ದರಿಂದ ಮತ್ತೊಮ್ಮೆ ಬರೀ ಸಂಗೀತ ನುಡಿಸಿ, ಆಮೇಲೆ ಉಳಿದ ನುಡಿ ಹಾಡಿಸಿದೆವು. ಅಷ್ಟರಲ್ಲಿ ಅಕ್ಕೋರ ದನಿ ದಣಿದು ಒಂದೆಡೆ ಬಿರಿಯಿತು. ಈರಣ್ಣ ಇನ್ನೊಮ್ಮೆ ಹಾಡಿರೆಂದ. ಅವರು ಒಪ್ಪಲಿಲ್ಲ. "ಸಾಲ್ಯಾಗ ಸಂಜಿಮುಂದ ಹಿಂಗ ಆಗ್ತಿತ್ತು. ಹುಡುಗರು ಆವಾಗೂ ಕೇಳ್ಯಾರ. ಇರ್ಲಿ ಬಿಡು," ಎಂದರು.

ಕೆಲವು ತಿಂಗಳ ನಂತರ ಒಂದು ಫೋನ್ ಬಂತು. ಒರಟಾದ, ತಗ್ಗಿದ ದನಿ. ಹೆಸರು ಹೇಳುವವರೆಗೆ ಗುರುತು ಹತ್ತಲಿಲ್ಲ. ಹಳೆಯ ಹಾಡುಗಳನ್ನು ಕೇಳುತ್ತಿದ್ದೀರಾ ಎಂದು ಅಳುಕುತ್ತಲೇ ವಿಚಾರಿಸಿದೆ.

"ಕೇಳ್ತೀನಿ. ಅವು ಹಾಂಗ ಇರ್ಲಿ," ಎಂದರು ಅಕ್ಕೋರು. "ಈ ದನಿಗೆ ಒಪ್ಪೂವಂಥ ಹೊಸಾವು ಕಟ್ಟೀನಿ. ಈರಣ್ಣಗ ಹೇಳೀನಿ. ನೀವೂ ಬರ್ರಿ."

ವೇಗ ಹೆಚ್ಚಿಸಿಕೊಡಿ ಎಂದು ಕೇಳಿಕೊಂಡು ಬರುವವರು ನನ್ನ ಅಂಗಡಿಯಲ್ಲಿ ಈಗಲೂ ಹೆಚ್ಚು. ಯಂತ್ರ ಬಿಚ್ಚುವ ಮೊದಲು, ಅದರೊಳಗೆ ಎರಡನೆಯ ಸಲ ಸಿಗಲಾರದ್ದು ಏನಿದೆ ಎಂದು ಕೇಳುತ್ತೇನೆ. ಉಳಿದದ್ದೆಲ್ಲ ಆಮೇಲಿನ ಕೆಲಸ.